ಸೊನ್ನೆ ತೋರಿಸಿದ ಲೇಬಲ್

ಕೊತ್ಕಾ ಪಟ್ಟಣದಲ್ಲಿ, ಗಂಡಂದಿರ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರಿಗೆ ಆಸರೆ ಕೊಡುವ ಮನೆಯೊಂದಿತ್ತು. ಬೋರ್ಡಿಲ್ಲ, ವಿಳಾಸ ಹೊರಗೆ ಬಾಯಿಬಿಡುವಂತಿಲ್ಲ. ಅವರ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದವಳು ನಾನು. ಫೆಬ್ರುವರಿಯ ಒಂದು ಬೆಳಿಗ್ಗೆ ಮನೆಯ ಮೇಲ್ವಿಚಾರಕಿ ಹಿಲ್ಕಾ ನನ್ನನ್ನು ಕರೆಸಿದಳು.

"ಲೆಂಪಿ, ಮೇಲ್‌ಗೆ ಹೊಸ ಲೇಬಲ್ ಹಚ್ಚಿದ್ರೆ ನಿಲ್ತಾನೇ ಇಲ್ಲ ಕಣೇ. ಒಂದ್ಗಳಿಗೆ ಕಾಣುತ್ತೆ, ಆಮೇಲೆ ಮಾಯ."

"ಇಪ್ಪತ್ತಾರು ಲೇಬಲ್‌ಗಿಂತ ಹೆಚ್ಚು ಹಿಡಿಯಲ್ಲ ಸರ್ವರ್. ನೀವೆಲ್ಲ ಸೇರಿ ಕಂಡಿದ್ದಕ್ಕೆಲ್ಲಾ ಹೆಸರಿಟ್ಟು ತುಂಬಿಸಿದ್ದೀರ. ಬಳಕೆ ಇಲ್ಲದ್ದನ್ನ ಕಿತ್ತುಹಾಕ್ತೀನಿ, ತಾಳು."

ಒಂದೊಂದು ಲೇಬಲ್ ಎಷ್ಟು ಪತ್ರಗಳ ಮೇಲಿದೆ ಎಂದು ಸರ್ವರ್‌ನಲ್ಲಿ ನೋಡಿದೆ. ಕೆಲವಕ್ಕೆ ಸೊನ್ನೆ ಬಂತು. ಅಳಿಸುವ ಮುಂಚೆ ಓದಿ ಹೇಳುವುದು ನನ್ನ ರೂಢಿ.

"ಕಾಫಿ ಯಂತ್ರ?"

"ತೆಗಿ."

"ಅಲೀಸಾ-ಬೆದರಿಕೆ?"

ಅಲೀಸಾ ಆ ಮನೆಗೆ ಓಡಿಬಂದಿದ್ದ ಹೆಂಗಸರಲ್ಲಿ ಒಬ್ಬಳು. ಹಿಲ್ಕಾ ಗಕ್ಕನೆ ತಿರುಗಿದಳು. "ಅದ್ಹೇಗೆ ಖಾಲಿ ಆಗುತ್ತೆ? ಅವಳ ಗಂಡ ಬರೆದ ಹದಿನಾಲ್ಕು ಪತ್ರಕ್ಕೂ ನಾನೇ ಹಚ್ಚಿದ್ದೀನಿ. ಮುಂದಿನ ವಾರ ಕೋರ್ಟಿಗೆ ಕೊಡಬೇಕು!"

ಪತ್ರಗಳು ಹೋದರೂ ಲೇಬಲ್‌ನ ಹೆಸರು ಪಟ್ಟಿಯಲ್ಲಿ ಉಳಿದುಬಿಡುತ್ತದೆ. ದಾಖಲೆ ತೆಗೆದು ನೋಡಿದೆ. ಅಂದು ಬೆಳಿಗ್ಗೆ ಏಳಕ್ಕೆ ಯಾರೋ ಹದಿನಾಲ್ಕನ್ನೂ ಸಿರ್ಕಾಳ ಖಾತೆಯಿಂದ ಅಳಿಸಿದ್ದರು. ಸಿರ್ಕಾ ಅಲ್ಲಿನ ಸಿಬ್ಬಂದಿಯಲ್ಲೊಬ್ಬಳು.

"ಅವಳು ರಜದಲ್ಲಿದ್ದಾಳೆ," ಹಿಲ್ಕಾಳ ದನಿ ಇಳಿಯಿತು. "ನಿನ್ನೆ ಈಜುಕೊಳದಲ್ಲಿ ಅವಳ ಬ್ಯಾಗ್ ಕಳುವಾಯ್ತು. ಫೋನೂ ಅದರಲ್ಲೇ..."

ಫೋನ್ ಕದ್ದವನು ನಮ್ಮ ಪತ್ರಗಳನ್ನೆಲ್ಲ ಓದಿರುತ್ತಾನೆ. ಮನೆಯ ವಿಳಾಸವೂ ಅವುಗಳಲ್ಲೇ ಇತ್ತು. ನಾನು ಖಾತೆಗೆ ಬೀಗ ಹಾಕಿದೆ. ಹಿಲ್ಕಾ ಪೊಲೀಸರಿಗೆ ಫೋನ್ ಮಾಡಿದಳು. ಅಡುಗೆಮನೆಯಲ್ಲಿ ಗಂಜಿ ಕಲಕುತ್ತಿದ್ದ ಅಲೀಸಾಳನ್ನು ಮಹಡಿಗೆ ಕಳಿಸೋಣವೆಂದು ಏಳುವಷ್ಟರಲ್ಲಿ ಮುಂಬಾಗಿಲಿಗೆ ಕೊಡಲಿ ಬಿತ್ತು.

"ಅಲೀಸಾ! ಹೊರಗೆ ಬಾರೇ! ಹೆಂಗಸರ ಸೆರಗಲ್ಲಿ ಅವಿತ್ಕೊಂಡಿದ್ದೀಯಾ?"

ಅವಳ ಗಂಡ ರೌನೊ, ಕಾಡಿನಲ್ಲಿ ಮರ ಕಡಿಯುವವನು. ನಾವಿಬ್ಬರೂ ಚಪ್ಪಲಿ ಕಪಾಟನ್ನು ಎಳೆದು ಬಾಗಿಲಿಗೆ ಒತ್ತಿ ಹಿಡಿದೆವು. ಮೂರನೆಯ ಏಟಿಗೆ ಹಲಗೆ ಸೀಳಿ ಒಳಬಂದ ಅಲಗು ಹಿಲ್ಕಾಳ ಬಲಗೈಯ ಎರಡು ಬೆರಳುಗಳನ್ನು ಕತ್ತರಿಸಿತು. ಅವಳು ಯಾರದೋ ಕೈ ಎಂಬಂತೆ ನೋಡುತ್ತ ನಿಂತಳು. ಬಾಗಿಲು ಮುರಿಯಿತು. ಕೊಡಲಿಯ ಹಿಂಬದಿಯಿಂದ ಅವನು ನನ್ನ ತಲೆಯ ಎಡಭಾಗಕ್ಕೆ ಬಾರಿಸಿದ, ನಾನು ನೆಲಕ್ಕುರುಳಿದೆ.

ಅವನು ಅಡುಗೆಮನೆಗೆ ನುಗ್ಗಿ, ಕೊಡಲಿ ಬಿಸುಟು, ಎರಡೂ ಕೈಯಿಂದ ಅಲೀಸಾಳ ಜುಟ್ಟು ಹಿಡಿದು ದರದರ ಎಳೆದ. "ಕಾಗದ ಎಲ್ಲಾ ಅಳಿಸಿ ಹಾಕ್ದೆ. ಈಗ ಏನು ತೋರಿಸ್ತೀಯೇ ಕೋರ್ಟಿಗೆ?"

ಅಲೀಸಾ ಒಲೆಯ ಮೇಲಿನ ಪಾತ್ರೆಗೆ ಕೈಹಾಕಿ, ಕುದಿಯುವ ಗಂಜಿಯನ್ನು ಅವನ ಮುಖಕ್ಕೆ ಎರಚಿದಳು. ಅವನು ಅರಚುತ್ತ ಕುಸಿದ. ಅವಳು ಅದೇ ಪಾತ್ರೆಯಿಂದ ಭುಜಕ್ಕೆ, ಮಂಡಿಗೆ, ಮೂಗಿಗೆ ಬಡಿಯತೊಡಗಿದಳು. ಮೂಳೆ ಮುರಿದ ಸದ್ದು ನನಗೆ ಬಲಗಿವಿಯಲ್ಲಿ ಮಾತ್ರ ಕೇಳಿಸಿತು. ತೆವಳಿಕೊಂಡು ಹೋಗಿ ಅವನ ಕಾಲುಗಳನ್ನು ತಬ್ಬಿ ಹಿಡಿದೆ.

"ಸಾಕು, ಅಲೀಸಾ. ಸತ್ತೋಗ್ತಾನೆ."

"ಸಾಕಾ ಅಂತ ನನ್ನನ್ನ ಅವನು ಯಾವತ್ತಾದ್ರೂ ಕೇಳಿದ್ನಾ?" ಎಂದಳು. ಆದರೂ ಪಾತ್ರೆ ಕೆಳಗಿಟ್ಟಳು. ಪೊಲೀಸರು ಬಂದಾಗ ಹಿಲ್ಕಾ ಕೈಗೆ ಟವೆಲ್ ಸುತ್ತಿಕೊಂಡು ಕೊಡಲಿಯ ಮೇಲೆಯೇ ಕೂತಿದ್ದಳು.

ಸರ್ವರ್‌ನ ಹಿಂದಿನ ದಿನದ ನಕಲು ಪ್ರತಿಯಿಂದ ಹದಿನಾಲ್ಕು ಪತ್ರಗಳನ್ನೂ ಹೊರತೆಗೆದುಕೊಟ್ಟೆ. ಕೋರ್ಟಿನಲ್ಲಿ ಎಲ್ಲವನ್ನೂ ಓದುವುದು ಬೇಡವೆಂದು ನ್ಯಾಯಾಧೀಶರು ಹೇಳಿದರೂ, "ಓದಿ, ಒಂದೂ ಬಿಡಬೇಡಿ," ಎಂದಳು ಅಲೀಸಾ. ಒಂಬತ್ತನೆಯದಕ್ಕೆ ರೌನೊ ತಲೆ ತಗ್ಗಿಸಿದ. ಅವನಿಗೆ ಆರು ವರ್ಷ ಸೆರೆವಾಸವಾಯಿತು.

ಅಂದು ಮಧ್ಯಾಹ್ನ ಅಲೀಸಾ ನಮ್ಮಿಬ್ಬರಿಗೂ ಮೀನಿನ ಸಾರು ಕೊಡಿಸಿದಳು. ಹಿಲ್ಕಾ ಎಡಗೈಯಲ್ಲಿ ಚಮಚ ಹಿಡಿದು ಮೇಜಿನ ತುಂಬ ಚೆಲ್ಲಿಕೊಂಡಳು. ಅಲೀಸಾ ಅವಳ ಬ್ರೆಡ್ಡಿಗೆ ಬೆಣ್ಣೆ ಸವರಿಕೊಟ್ಟಳು.