ಮುಳುಗಡೆ ನೀರಿನ ಮೇಲೆ ನಿಂತ ಎಂಜಿನ್

ಶರಾವತಿಗೆ ಅಣೆಕಟ್ಟು ಕಟ್ಟಿ ಹೊಸದಾಗಿ ನೀರು ನಿಂತ ಕಾಲ. ಸಾಗರದಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಸೀತಾರಾಮಪ್ಪನ ಹತ್ತಿರ ಇಬ್ಬರು ಕೂರುವ ಸಣ್ಣ ವಿಮಾನವಿತ್ತು. ಆನಂದಪುರದ ಬಯಲಿನಿಂದ ಹೊರಟು, ಹಿನ್ನೀರು ದಾಟಿ, ನಿಟ್ಟೂರಿನ ಮೇಲೆ ಘಟ್ಟ ಇಳಿದು ಮಂಗಳೂರಿಗೆ ಹೋಗಿಬರುತ್ತಿದ್ದ.

ಒಂದು ಬೆಳಿಗ್ಗೆ ಹೆಂಡತಿ ಮೀನಾಕ್ಷಮ್ಮನೂ ಜೊತೆಗಿದ್ದಳು. ಮಳೆ ಬಿಟ್ಟಿತ್ತು, ಗಾಳಿಯೆಲ್ಲ ತೇವ. ಹಿನ್ನೀರಿನ ಮೇಲೆ ಎಂಜಿನ್ ಕೆಮ್ಮಿತು, ಕುಗ್ಗಿತು, ಸದ್ದು ಅಡಗಿಹೋಯಿತು.

ಆ ಮೌನದಲ್ಲಿ ಕೆಳಗಿನಿಂದ ಹೆಂಗಸೊಬ್ಬಳು ಯಾರನ್ನೋ ಕೂಗಿ ಕರೆಯುತ್ತಿದ್ದಳು. ಕೆಳಗೆ ಊರಿರಲಿಲ್ಲ, ನೀರು, ನೀರಿನಿಂದ ಮೇಲೆದ್ದ ಸತ್ತ ಮರಗಳ ತುದಿ. ಮೀನಾಕ್ಷಮ್ಮ ಗಂಡನ ಮುಖ ನೋಡಿದಳು. ಅವನಿಗೂ ಕೇಳಿಸಿತ್ತು. ಮರದ ತುದಿಗಳು ಹತ್ತಿರವಾದಾಗ ಎಂಜಿನ್ ತಾನಾಗಿಯೇ ಮತ್ತೆ ಚಾಲೂ ಆಯಿತು.

ಎಂಜಿನ್ ಬಿಚ್ಚಿಸಿ ನೋಡಿದರು. ಏನೂ ಕೆಟ್ಟಿರಲಿಲ್ಲ.

“ಊರು ಮುಳುಗಿದಾಗ ನೀರಲ್ಲಿ ಬಿಟ್ಟು ಬಂದ್ವಲ್ಲ, ನಮ್ಮೂರ ದೇವಿ ಚೌಡಿ. ಅವಳೇ ಕರೆದಿದ್ದು,” ಎಂದಳು ಸೀತಾರಾಮಪ್ಪನ ತಾಯಿ ಕೆರಿಯಮ್ಮ. ಅವನು ದಡದಲ್ಲಿ ಕಾಯಿ ಒಡೆದು ಬಂದ. ಮುಂದಿನ ಸಲವೂ ಅಲ್ಲೇ ಎಂಜಿನ್ ನಿಂತು, ಮರಗಳ ಹತ್ತಿರ ಇಳಿದ ಮೇಲೆ ಮತ್ತೆ ಚಾಲೂ ಆಯಿತು.

ವಾಯುಪಡೆಯಲ್ಲಿ ವಿಮಾನ ನಡೆಸಿ ಹೊಸನಗರಕ್ಕೆ ಮರಳಿದ್ದ ಗೆಳೆಯ ಚಂದ್ರಯ್ಯ ಎಲ್ಲವನ್ನೂ ಕೇಳಿ, ವಿಮಾನವನ್ನೂ ನೋಡಿ, “ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬುರೇಟರಲ್ಲಿ ಮಂಜುಗಡ್ಡೆ ಕಟ್ತದೆ ಮಾರಾಯ,” ಎಂದ.

“ಈ ಸೆಕೇಲಿ ಮಂಜುಗಡ್ಡೆನಾ?”

ಚಂದ್ರಯ್ಯ ಅವನ ಅಂಗೈಗೆ ಪೆಟ್ರೋಲ್ ಹನಿಸಿ ಊದಿದ. “ಹೆಂಗಿದೆ?”

“ತಣ್ಣಗಿದೆ.”

“ಪೆಟ್ರೋಲ್ ಆವಿ ಆಗ್ತಾ ಶಾಖ ಎಳ್ಕೊಳ್ತದೆ. ಆಗ ಗಾಳೀಲಿರೋ ನೀರು ಎಂಜಿನ್ನಿನ ಗಂಟಲಲ್ಲಿ ಗಡ್ಡೆ ಕಟ್ತದೆ. ಆಮೇಲೆ ಎಂಜಿನ್ನಿನ ಕಾವಿಗೆ ಕರಗಿ ಹೋಗ್ತದೆ. ಬಿಚ್ಚಿ ನೋಡಿದ್ರೆ ಎಂತ ಸಿಗ್ತದೆ?”

“ಹಂಗಾದ್ರೆ ರೆಕ್ಕೆಗೆ ರಬ್ಬರ್ ಪಟ್ಟಿ ಹಾಕಿಸ್ತೀನಿ. ಅದು ಉಬ್ಬಿ ಮಂಜು ಒಡೀತದಂತೆ.”

“ಅದು ಹಿಮದ ಮೋಡ ಹೊಕ್ಕು ಬರೋ ದೊಡ್ಡ ವಿಮಾನಕ್ಕೆ. ನಿನ್ನದಕ್ಕೆ ಬರೀ ಭಾರ. ಅಂಥ ಮೋಡಕ್ಕೆ ನೀನು ಹೋಗ್ಲೇಬಾರ್ದು. ಹೊಗೆಕೊಳವೆ ಸುತ್ತ ಕಾದ ಗಾಳೀನ ಕಾರ್ಬುರೇಟರಿಗೆ ತಿರುಗಿಸೋ ಪೆಟ್ಟಿಗೆ ಇರ್ತದೆ. ನಿನಗೆ ಮಾರಿದವರು ಅದನ್ನ ಕಿತ್ತಿದಾರೆ. ಅದನ್ನ ಹಾಕ್ಸು. ಎಂಜಿನ್ ಕುಗ್ಗಿದ ಕೂಡ್ಲೆ ಅದರ ಹಿಡಿ ಎಳಿ, ಎಳೆದ್ರೆ ಪೂರ್ತಿ ಎಳಿ. ಕರಗಿದ ನೀರು ಒಳಗೆ ಹೋಗಿ ಎಂಜಿನ್ ಇನ್ನೂ ಜಾಸ್ತಿ ಕೆಮ್ಮಬಹುದು. ಹೆದರಿ ವಾಪಸ್ ತಳ್ಳಬೇಡ.”

ಸೀತಾರಾಮಪ್ಪ ಅರೆಮನಸ್ಸಿನಿಂದಲೇ ಪೆಟ್ಟಿಗೆ ಹಾಕಿಸಿದ. ಚಂದ್ರಯ್ಯನ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಮೀನಾಕ್ಷಮ್ಮ ತಾನೂ ಬರುತ್ತೇನೆಂದು ಹಟ ಹಿಡಿದು ಹತ್ತಿದಳು.

ಹಿನ್ನೀರಿನ ಮೇಲೆ ಮಂಜಿನ ಬಿಳಿ ಕಾವಳ ಹಾಸಿತ್ತು. ಎಂಜಿನ್ನಿನ ಕಸುವು ಮೆಲ್ಲಗೆ ಇಳಿಯಿತು. ಅವನು ಹಿಡಿ ಎಳೆದ. ವಿಮಾನ ಗಡಗಡ ನಡುಗಿತು, ಕೆಮ್ಮು ಹೆಚ್ಚಾಯಿತು.

“ಅವಳು ಬಿಡಲ್ಲ ನಮ್ಮನ್ನ,” ಎನ್ನುತ್ತ ಅವನು ಹಿಡಿಯನ್ನು ತಳ್ಳಲು ಹೋದ. ಮೀನಾಕ್ಷಮ್ಮ ಅವನ ಮಣಿಕಟ್ಟು ಬಿಗಿಯಾಗಿ ಹಿಡಿದಳು.

“ತಳ್ಬೇಡಿ. ಒಳಗೆ ನೀರು ಹೋಗ್ತಿದೆ. ತಡೀರಿ.”

ಕಾವಳದೊಳಗಿಂದ ಒಣಕೊಂಬೆಗಳು ಕಾಣಿಸಿಕೊಂಡವು. ಅವಳು ಕಣ್ಣು ಮುಚ್ಚಲಿಲ್ಲ, ಕೈಯನ್ನೂ ಬಿಡಲಿಲ್ಲ. ಎಂಜಿನ್ ಒಮ್ಮೆ ಬಿಕ್ಕಿತು, ಆಮೇಲೆ ತುಂಬುದನಿಯಲ್ಲಿ ಗುಡುಗಿತು. ವಿಮಾನ ಮೇಲೇರಿತು.

ಮನೆಗೆ ಬಂದಾಗ ಕೆರಿಯಮ್ಮ ಎಲ್ಲ ಕೇಳಿ ಮಗನಿಗೆ ಹೇಳಿದಳು: “ಚೌಡಿಗೆ ಕೈ ಮುಗಿ. ಆದ್ರೆ ಆ ಹಿಡಿ ಎಳೆಯೋದು ಮರೀಬೇಡ.”

ಸಣ್ಣ ವಿಮಾನ ಇಟ್ಟುಕೊಂಡವರೇ, ರೆಕ್ಕೆಯ ಮೇಲಿನ ಮಂಜುಗಡ್ಡೆ ಕಣ್ಣಿಗೆ ಬೀಳುತ್ತದೆ, ಎಂಜಿನ್ನಿನ ಗಂಟಲಿನದು ಬೀಳುವುದಿಲ್ಲ. ನಿಮ್ಮ ವಿಮಾನ ಎಂಥ ಗಾಳಿಯಲ್ಲಿ ಹಾರುತ್ತದೆಂದು ನೋಡಿ, ಅದಕ್ಕೆ ತಕ್ಕ ರಕ್ಷಣೆಯನ್ನೇ ಆರಿಸಿ. ಬಿಸಿಗಾಳಿಯ ಹಿಡಿ ಕೆಲಸ ಮಾಡುತ್ತದೆಯೇ ಎಂದು ನೆಲದ ಮೇಲೇ ಪರೀಕ್ಷಿಸಿ. ಪಕ್ಕದಲ್ಲಿ ಕೂರುವವರಿಗೂ ಅದರ ಬಳಕೆ ಹೇಳಿಕೊಡಿ.