ನಾಲ್ಕನೇ ಬಿಲ್ಲೆ

ಅಪ್ಪಾಜಿಯ ಬೆರಳುಗಳು ಮತ್ತೆ ಡ್ಯಾಶ್‌ಬೋರ್ಡಿನ ಮೇಲೆ ಹರಿದಾಡುತ್ತಿವೆ, ನುಣ್ಣಗಿನ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಮೊಳೆ ಹುಡುಕುತ್ತಿವೆ, ಈ ಕಾರಿನಲ್ಲಿ ಮೊಳೆ ಎಲ್ಲಿಂದ ಬರಬೇಕು, ಹೋದ ತಿಂಗಳು ಕೊಂಡ ಕಾರು, ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಮಲ್ಲಿಕ್ ಇನ್ನೂ ತೆಗೆದಿಲ್ಲ, ಹಿಂದೆ ಕೂತ ಪ್ರಿಯದರ್ಶಿನಿ ಸ್ವಲ್ಪ ಅಲ್ಲಾಡಿದರೂ ಸಾಕು ಚರಚರ ಅನ್ನುತ್ತದೆ — ಆಲ್ಕೊಳ ಸರ್ಕಲ್ಲಿನಲ್ಲಿ ಬಸ್ಸೊಂದು ಅಡ್ಡ ನಿಂತಿದೆ, ಹಾರನ್ನು, ಹೊಗೆ, ಬಿಲ್ಲೆ ಎಲ್ಲಿ ಅನ್ನುತ್ತಾರೆ ಅಪ್ಪಾಜಿ, ಯಾವ ಬಿಲ್ಲೆ ಅಪ್ಪಾಜಿ, ಈಗೇನ್ ಬಿಲ್ಲೆ ಬೇಕು, ಆರಾಮಾಗಿ ಕೂತ್ಕೊಳ್ಳಿ ಅನ್ನುತ್ತಾನೆ ಮಲ್ಲಿಕ್ ಗೇರು ಬದಲಿಸುತ್ತ, ತಮ್ಮನಿಗೆ ನಿಜವಾಗಿಯೂ ನೆನಪಿಲ್ಲವೇ, ಆಗ ಆರು ವರ್ಷದವನಿಗೆ ಎಷ್ಟು ನೆನಪಿದ್ದೀತು, ಆದರೆ ಅವಳಿಗೆ ಆಗ ಒಂಬತ್ತು, ಒಂಬತ್ತು ಚಿಕ್ಕ ವಯಸ್ಸೇನಲ್ಲ. ಅವಳ ಪಕ್ಕದಲ್ಲಿ ದುಂಡಗೆ ಸುತ್ತಿದ ಕಿತ್ತಳೆ ಬಣ್ಣದ ಟೆಂಟು, ಮಲ್ಲಿಕ್ ಆನ್‌ಲೈನಿನಲ್ಲಿ ತರಿಸಿದ್ದು, ಅಪ್ಪಾಜಿನ ಒಂದಿನ ಆ ಹೊಳೆ ದಂಡೇಲಿ ಕೂರಿಸ್ಕೊಂಡು ಬರೋಣ ಕಣೇ ಅಕ್ಕ, ಹಳೇದೆಲ್ಲ ನೆನಪಾದ್ರೆ ಸ್ವಲ್ಪ ಸರಿಹೋಗ್ತಾರೆ. ಹಳೇದೆಲ್ಲ ನೆನಪಾದರೆ. ಅದೇ ಅಲ್ಲವೇ ಅವಳ ಭಯ.

ಬಿಲ್ಲೆ ಎಂದರೆ ಹಿತ್ತಾಳೆಯದು, ಭದ್ರಾವತಿಯ ಕಾರ್ಖಾನೆಯ ಗೇಟಿನಲ್ಲಿ ಒಳಗೆ ಹೋಗುವವರು ತಮ್ಮ ನಂಬರಿನ ಬಿಲ್ಲೆಯನ್ನು ಹಲಗೆಯ ಮೊಳೆಗೆ ಹಾಕಬೇಕು, ಹೊರಗೆ ಬರುವಾಗ ತೆಗೆದುಕೊಳ್ಳಬೇಕು, ಹಲಗೆ ನೋಡಿದರೆ ಯಾರು ಒಳಗಿದ್ದಾರೆ ಎಂದು ಗೊತ್ತು, ಮುಖ ನೋಡುವ ಕೆಲಸವೇ ಇಲ್ಲ — ಆ ಪದ್ಧತಿಯನ್ನೇ ಅಲ್ಲಿ ಕೆಲಸಕ್ಕಿದ್ದ ಅಪ್ಪಾಜಿ ಓಂಕಾರಪ್ಪ ಮನೆಯ ಮೆಟಾಡೋರ್ ವ್ಯಾನಿಗೂ ತಂದಿದ್ದರು, ಸ್ಟೇರಿಂಗಿನ ಪಕ್ಕ ಗೇಣುದ್ದದ ಹಲಗೆ, ನಾಲ್ಕು ಮೊಳೆ, ಅಪ್ಪಾಜಿ ಒಂದು, ಅಮ್ಮ ಎರಡು, ಪ್ರಿಯದರ್ಶಿನಿ ಮೂರು, ಮಲ್ಲಿಕ್ ನಾಲ್ಕು, ಇಳಿಯುವಾಗ ತಗೊಳ್ಳಿ, ಹತ್ತುವಾಗ ಹಾಕಿ, ನಾಲ್ಕೂ ಬಿದ್ದ ಮೇಲೇ ಗಾಡಿ ಹೊರಡೋದು. ಇದೇನು ಸಂಸಾರವೋ ಕಾರ್ಖಾನೆಯೋ ಎಂದು ಅಮ್ಮ ಶಂಕರಮ್ಮ ನಗುತ್ತಿದ್ದಳು, ಆಗೆಲ್ಲ ನಗುತ್ತಿದ್ದಳು. ಬೇಸಿಗೆ ರಜೆ ಬಂತೆಂದರೆ ನ್ಯೂಟೌನ್ ಕ್ವಾರ್ಟರ್ಸಿನ ಬಾಗಿಲಲ್ಲಿ ಮೆಟಾಡೋರ್, ಹಾಸಿಗೆ ಸುರುಳಿ, ಪಂಪ್ ಸ್ಟವ್, ಅಕ್ಕಿರೊಟ್ಟಿ ಡಬ್ಬಿ, ಲಾರಿಯ ಟಾರ್ಪಾಲು ಹೊಲಿದು ಮಾಡಿದ ಡೇರೆ, ಅದರ ವಾಸನೆ ಈಗಲೂ ಮೂಗಿನಲ್ಲಿದೆ, ಸೀಮೆಎಣ್ಣೆ ಮತ್ತು ಒದ್ದೆ ಹುಲ್ಲು — ಜೋಗದಲ್ಲಿ ಕೋತಿ ರೊಟ್ಟಿ ಡಬ್ಬಿ ಹೊತ್ತುಕೊಂಡು ಹೋಗಿದ್ದು, ಅಲ್ಲ, ಅದು ಕೆಮ್ಮಣ್ಣುಗುಂಡಿ, ಜೋಗದಲ್ಲಿ ಡೇರೆ ಗಾಳಿಗೆ ಹಾರಿ ಅಪ್ಪಾಜಿ ಪಂಚೆ ಎತ್ತಿ ಕಟ್ಟಿ ಅದರ ಹಿಂದೆ ಓಡಿದ್ದು, ಅದೂ ಜೋಗವೋ ಆಗುಂಬೆಯೋ, ಎಲ್ಲ ಒಂದರೊಳಗೊಂದು ಕಲಸಿಹೋಗಿದೆ, ಕಾರ್ಖಾನೆಯಿಂದ ಬಂದರೆ ಎರಡು ಮಾತಾಡದ ಮನುಷ್ಯ ಗಾಡಿ ಹತ್ತಿದರೆ ಬೇರೆಯೇ ಆಗಿಬಿಡುತ್ತಿದ್ದರು, ಬೆಳಗ್ಗೆ ಹೊಳೆಯ ಬಂಡೆ ಮೇಲೆ ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿಯಲ್ಲಿ ರೊಟ್ಟಿ ಹಂಚುತ್ತಿದ್ದರು, ಅಷ್ಟು ಸುಖ ಅವಳಿಗೆ ಆಮೇಲೆ ಯಾವ ಊಟದಲ್ಲೂ ಸಿಕ್ಕಿಲ್ಲ.

ತುಂಗೆಯ ಸೇತುವೆ ಬಂತು, ಹೋಯಿತು, ನೀರು ಕಡಿಮೆ, ಬಂಡೆಗಳು, ಬಂಡೆಯ ಮೇಲೆ ಯಾರದೋ ಬಟ್ಟೆ — ಬಟ್ಟೆ, ಮಲ್ಲಿಕನ ಅಂಗಿ ಗಿಡದ ಮೇಲೆ ಒಣಗುತ್ತಿತ್ತೇ, ಅವನು ಹಾಕಿಕೊಂಡೇ ಇದ್ದನೇ. ಅವತ್ತು ಭದ್ರಾ ಅಣೆಕಟ್ಟಿನ ಬಿಆರ್‌ಪಿ ದಾಟಿ ಹೊಳೆ ದಂಡೆ, ಹೊರಡುವ ಬೆಳಗ್ಗೆ, ಡೇರೆ ಸುತ್ತಿಟ್ಟಾಗಿದೆ, ಮಲ್ಲಿಕನ ಕೈಯಲ್ಲಿ ಚೊಂಬು, ಚೊಂಬಿನಲ್ಲಿ ಬೆರಳುದ್ದದ ಮೀನು, ಅದನ್ನ ಬಿಟ್ಟು ಬಾರೋ, ಮನೆಗೆ ತಂದ್ರೆ ಸತ್ತುಹೋಗ್ತದೆ ಅಂದಳು ಅಮ್ಮ, ಅವನು ಇಳಿಜಾರಿನಲ್ಲಿ ಓಡಿದ, ಇಷ್ಟು ಖಂಡಿತ. ಆಮೇಲೆ ಎರಡು ದಾರಿ. ಒಂದರಲ್ಲಿ ಅವನು ಓಡುವ ಮೊದಲು ಅಕ್ಕಾ ನಂದೂ ಹಾಕಿರೇ ಎಂದು ಬಿಲ್ಲೆಯನ್ನು ಅವಳ ಕೈಗೆ ತುರುಕುತ್ತಾನೆ, ಬಿಲ್ಲೆ ಒದ್ದೆ, ತಣ್ಣಗೆ. ಇನ್ನೊಂದರಲ್ಲಿ ಅವಳೇ ಗಿಡದ ಮೇಲಿನ ಅಂಗಿಯ ಜೇಬಿಗೆ ಕೈ ಹಾಕುತ್ತಾಳೆ, ಕಡಲೆಕಾಯಿ ಸಿಪ್ಪೆಯ ಪುಡಿ ಉಗುರಿಗೆ ಅಂಟುತ್ತದೆ, ಬಿಲ್ಲೆ ಬಿಸಿಲಿಗೆ ಬೆಚ್ಚಗಿದೆ. ಎರಡೂ ಅವಳ ಕೈಗೆ ನೆನಪಿವೆ, ಎರಡೂ ಹೇಗೆ ನಿಜವಾದೀತು, ಆ ದಿನ ಮುಂದಿನ ಸೀಟಿನ ಸರದಿ ಮಲ್ಲಿಕನದು, ಅದೂ ನಿಜ, ಮುಂದೆ ಹೋಗಿ ಕೂತದ್ದು ಅವಳು, ಮೊಳೆಗೆ ಬಿಲ್ಲೆ ಹಾಕಿದ್ದೂ ಅವಳು, ಮೂರು, ನಾಲ್ಕು, ಅಪ್ಪಾಜಿ ಹಲಗೆ ನೋಡಿ ಗಾಡಿ ಎತ್ತಿದರು, ಹುಡುಗ ಹಿಂದೆ ಇದ್ದಾನೆ ಎಂದು ಅವರು, ಮಕ್ಕಳಿಬ್ಬರೂ ಮುಂದಿದ್ದಾರೆ ಎಂದು ಹಾಸಿಗೆ ಸುರುಳಿಗಳ ಆಚೆ ಕೂತ ಅಮ್ಮ, ಗಾಡಿ ಕುಲುಕಿದಾಗೆಲ್ಲ ನಾಲ್ಕನೇ ಬಿಲ್ಲೆ ಮೊಳೆಯಲ್ಲಿ ತೂಗುತ್ತಿತ್ತು, ಟಿಣ್, ಟಿಣ್, ಅವಳು ಅದನ್ನೇ ನೋಡುತ್ತ ಕೂತಿದ್ದಳು, ಬಾಯಿ ಬಿಡಲಿಲ್ಲ. ಮೂರು ಮೈಲಿ. ಆಮೇಲೆ ಅಮ್ಮ ಕಿತ್ತಳೆ ಪೆಪ್ಪರಮೆಂಟು ಹಿಡಿದು ಕೈ ಚಾಚಿದಳು, ಮಲ್ಲಿ, ಬಾಯಿ ತೆಗಿ.

ಅಪ್ಪಾಜಿ ತಿರುಗಿಸಿದ ಹಾಗೆ ಗಾಡಿಯನ್ನು ಇನ್ಯಾರೂ ತಿರುಗಿಸಲಾರರು, ದಂಡೆಯಲ್ಲಿ ಅವನು ಚೊಂಬು ತಬ್ಬಿ ನಿಂತಿದ್ದ, ಮೀನು ಬಿಟ್ಟಿರಲಿಲ್ಲ, ಅದನ್ನೂ ಬಿಟ್ರೆ ನಾನೊಬ್ನೇ ಆಗ್ತಿದ್ದೆ ಅಂದ, ಅಮ್ಮ ಅವನನ್ನು ಎತ್ತಿಕೊಂಡು ಕೂಗಾಡಿದ್ದು ಹೊಳೆಯ ಆಚೆ ದಡಕ್ಕೂ ಕೇಳಿರಬೇಕು, ಬಿಲ್ಲೆ ಹೆಂಗ್ರೀ ಬಂತು ಅಲ್ಲಿ, ಬಿಲ್ಲೆ ಹಾಕಿದ್ ಯಾರು, ಅಪ್ಪಾಜಿ ಹಲಗೆ ನೋಡಿದರು, ಆಮೇಲೆ — ಅವಳ ಕಡೆ ನೋಡಿದರೇ, ಕಿಟಕಿಯ ಕಡೆಯೇ — ನಾನೇ ಹಾಕಿರ್ಬೇಕು ಶಂಕ್ರಿ, ಕೈ ರೂಢಿ ಅಂದರು. ಅಷ್ಟೇ. ಆ ಮಳೆಗಾಲಕ್ಕೆ ಮೊದಲು ಮೆಟಾಡೋರ್ ದುರ್ಗಿಗುಡಿಯ ಯಾರೋ ಅಂಗಡಿಯವರಿಗೆ ಹೋಯಿತು, ಡೇರೆ ಸೌದೆಗೆ ಹೊದಿಕೆಯಾಯಿತು, ಅಮ್ಮ ಮಾತ್ರ ಬಿಡಲಿಲ್ಲ, ಮದುವೆಮನೆ, ನಾಮಕರಣ, ಎಲ್ಲಿ ಕೂತರೂ ಮಗನ್ನೇ ಮರೆತು ಬಂದ ಪುಣ್ಯಾತ್ಮರು ಇವ್ರು, ಮೂರು ವರ್ಷದ ಹಿಂದೆ ತೀರಿಕೊಳ್ಳುವ ಮುಂಚೆ ಆಸ್ಪತ್ರೆಯ ಹಾಸಿಗೆಯ ಮೇಲೂ ಅದನ್ನೇ ಅಂದಳು, ಅಪ್ಪಾಜಿ ತಲೆ ತಗ್ಗಿಸಿ ಮೂಸಂಬಿ ಸುಲಿಯುತ್ತಿದ್ದರು, ಆಗಲಾದರೂ ಹೇಳಬಹುದಿತ್ತಲ್ಲ, ನಾಚಿಕೆ, ಹೆದರಿಕೆ, ಏನೆಂದು ಹೇಳುವುದು, ಕೊಟ್ಟದ್ದನ್ನು ಹಾಕಿದೆ ಎಂದೋ ಕದ್ದು ಹಾಕಿದೆ ಎಂದೋ. ಈಗ ಅಪ್ಪಾಜಿ ಆಟೋ ಹತ್ತಿದರೂ ಎಣಿಸುತ್ತಾರೆ, ಒಬ್ರು ಕಮ್ಮಿ, ಹುಡುಗ ಬಂದಿಲ್ಲ, ನಿಲ್ಸಿ.

ನಿಲ್ಸೋ, ನಿಲ್ಸು, ಮಲವಗೊಪ್ಪ ದಾಟುತ್ತಲೇ ಶುರುವಾಯಿತು, ಬಾಗಿಲಿನ ಹಿಡಿಗೇ ಕೈ ಹಾಕಿದರು, ಮಲ್ಲಿಕ್ ನಿದಿಗೆಯ ಹತ್ತಿರ ಹುಣಸೆಮರದ ಕೆಳಗೆ ನಿಲ್ಲಿಸಿದ, ಅಕ್ಕ ನೋಡ್ಕೋ, ಒಂದು ಎಳನೀರು ತರ್ತೀನಿ, ಕುಡಿದ್ರೆ ತಣ್ಣಗಾಗ್ತಾರೆ, ಅವನು ರಸ್ತೆ ದಾಟುತ್ತಿದ್ದಾನೆ, ಬೆನ್ನು ಬಾಗಿದೆ, ಅವನಿಗೂ ಕೂದಲು ನರೆತಿದೆ, ಹುಡುಗ ಅಲ್ಲೇ ಇದಾನೆ ಅನ್ನುತ್ತಾರೆ ಅಪ್ಪಾಜಿ, ಅವರ ಕಣ್ಣಿನಲ್ಲಿ ನೀರು, ಅವಳಿಗೆ ಇನ್ನು ತಡೆಯಲಾರೆ ಅನ್ನಿಸುತ್ತದೆ, ಮುಂದಕ್ಕೆ ಬಾಗಿ ಅವರ ಭುಜ ಹಿಡಿಯುತ್ತಾಳೆ, ಅಪ್ಪಾಜಿ, ಅವತ್ತು ಬಿಲ್ಲೆ ಹಾಕಿದ್ದು ನೀವಲ್ಲ, ನಾನು, ನಾನು ಹಾಕಿದ್ದು. ಅಂದಳೇ, ಬರೀ ಅಂದುಕೊಂಡಳೇ, ಇಲ್ಲ, ಅಂದಿದ್ದಾಳೆ, ಅಪ್ಪಾಜಿ ತಿರುಗಿ ನೋಡುತ್ತಿದ್ದಾರೆ, ಯಾರದೋ ಮನೆಯ ಹೆಂಗಸನ್ನು ನೋಡುವ ಹಾಗೆ, ಮರ್ಯಾದೆಯಿಂದ. ನಿಮಗೂ ಗೊತ್ತಾಯ್ತಾ ಅನ್ನುತ್ತಾರೆ, ದನಿ ತಗ್ಗಿಸಿ, ಅತ್ತಿತ್ತ ನೋಡಿ, ಯಾರಿಗೂ ಹೇಳ್ಬೇಡಿ ತಾಯಿ, ನಮ್ಮ ಹುಡುಗಿ, ಇನ್ನೂ ಒಂಬತ್ತು ವರ್ಷ, ಜೇಬಿಂದ ತೆಗೀವಾಗ ನಾನು ನೋಡ್ದೆ, ಏನೋ ಆಟಕ್ಕೆ ತೆಗೀತಾಳೆ ಅಂದ್ಕೊಂಡೆ, ಅವ್ರಮ್ಮಂಗೆ ಗೊತ್ತಾದ್ರೆ ಜನ್ಮ ಪೂರ್ತಿ ಅಂತಾಳೆ ಅವಳಿಗೆ, ಅದಕ್ಕೆ ನಾನೇ ಹಾಕ್ದೆ ಅಂತ ಹೇಳಿದೀನಿ, ನೀವೂ ಹಂಗೇ ಹೇಳ್ಬಿಡಿ.

ಜೇಬಿಂದ. ಮಲ್ಲಿಕ್ ಎಳನೀರು ಹಿಡಿದು ರಸ್ತೆಯ ಆಚೆ ಲಾರಿ ಹೋಗಲೆಂದು ನಿಂತಿದ್ದಾನೆ, ಎರಡೂ ಕೈಯಲ್ಲಿ ತಬ್ಬಿಕೊಂಡು, ಲಾರಿಗಳು ಮುಗಿಯುವುದೇ ಇಲ್ಲ, ಅಪ್ಪಾಜಿಯ ಬೆರಳು ಮತ್ತೆ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ, ಇಲ್ಲದ ಮೊಳೆಯ ಜಾಗದಲ್ಲಿ ನಿಂತಿದೆ, ಕಡಲೆಕಾಯಿ ಸಿಪ್ಪೆಯ ಪುಡಿ ಉಗುರಿನಲ್ಲಿ, ಬೆಚ್ಚಗಿನ ಬಿಲ್ಲೆ, ಅವರು ನೋಡುತ್ತಿದ್ದರು, ನೋಡಿಯೂ, ನಲವತ್ತು ವರ್ಷ, ಮೂಸಂಬಿ ಸುಲಿಯುತ್ತ — ಗಾಡಿ ಕುಲುಕುತ್ತದೆ, ಮೊಳೆಯಲ್ಲಿ ನಾಲ್ಕನೇ ಬಿಲ್ಲೆ, ಟಿಣ್, ತೂಗುತ್ತಿದೆ, ನಾಲ್ಕನೇ ಬಿಲ್ಲೆ, ತೂಗುತ್ತಲೇ ಇದೆ