ಗೋಡೆಯತ್ತ ಮುಖ

ಅಗಾತಾ ಅದೇ ಕಿಟಕಿಯನ್ನು ಮೂರನೇ ಸಲ ಒರೆಸುತ್ತಿದ್ದಳು. ಗಾಜಿನಲ್ಲಿ ಕೊಳೆಯೇನೂ ಇರಲಿಲ್ಲ. ಕೈ ಸುಮ್ಮನಿರಲೊಲ್ಲದು, ಅಷ್ಟೇ.

ರಸ್ತೆಯಾಚೆ ಬುರುಲ್ಚಾಳ ಅಂಗಳದಲ್ಲಿ ಹೆಣವಿಟ್ಟು ಅಳಲೆಂದು ಹಾಕಿದ ಉಣ್ಣೆಕಂಬಳಿಯ ಡೇರೆ ಎದ್ದು ನಿಂತಿತ್ತು. ಬುರುಲ್ಚಾಳ ಗಂಡ ತೊಕ್ತೊಸುನ್ ಮೊನ್ನೆ ಕುದುರೆಗೆ ಹುಲ್ಲು ಹಾಕುತ್ತಿದ್ದವನು ಅಲ್ಲೇ ಕುಸಿದು ಹೋಗಿದ್ದ. ಅವನು ಚರ್ಚಿನವನಲ್ಲ. ಆದರೂ ಪ್ರತಿ ಭಾನುವಾರ ಗಾಡಿ ಕಟ್ಟಿ ಹೆಂಡತಿಯನ್ನು ಚರ್ಚಿಗೆ ತಂದು ಬಿಟ್ಟು, ಆರಾಧನೆ ಮುಗಿಯುವವರೆಗೂ ಹೊರಗೆ ಕಾಯುತ್ತಿದ್ದ. ಅಂಥ ಮನುಷ್ಯ ಎಲ್ಲಿ ಸಿಗುತ್ತಾನೆ?

ಆ ಚರ್ಚನ್ನು ಕಟ್ಟಿದವರು ತಲೆಮಾರುಗಳ ಹಿಂದೆ ಈ ಕಿರ್ಗಿಜ್ ನಾಡಿಗೆ ಬಂದು ನೆಲೆಸಿದ, ಅಗಾತಾಳ ಕಡೆಯ ಜರ್ಮನ್ ರೈತರು. ಬಹುಪಾಲು ಮಂದಿ ಜರ್ಮನಿಗೆ ಹೊರಟುಹೋಗಿ, ಈಗ ಉಳಿದದ್ದು ಒಂಬತ್ತು ಮುದಿ ಜೀವಗಳು. ಅವರು ಮುಂದಿನ ಬೆಂಚಿನಲ್ಲಿ, ಆಮೇಲೆ ಬಂದು ಸೇರಿದ ಇಪ್ಪತ್ತು ಕಿರ್ಗಿಜರು ಹಿಂದಿನ ಬೆಂಚುಗಳಲ್ಲಿ. ಹಾಗೆ ಕೂರಿ ಎಂದು ಯಾರೂ ಹೇಳಿದ್ದಿಲ್ಲ. ಮುಂದೆ ಬನ್ನಿ ಎಂದೂ ಯಾರೂ ಕರೆದಿದ್ದಿಲ್ಲ.

ನಿನ್ನೆ ಅಗಾತಾ ಬನ್ನು ಸುಟ್ಟು ತಟ್ಟೆಯಲ್ಲಿಟ್ಟುಕೊಂಡು ಹೋಗಿದ್ದಳು. ಡೇರೆಯೊಳಗೆ ಹೆಂಗಸರೆಲ್ಲ ಕಂಬಳಿಯ ಗೋಡೆಗೆ ಮುಖಮಾಡಿ, ಸತ್ತವನ ಗುಣಗಳನ್ನು ಹಾಡಿ ಹಾಡಿ ಅಳುತ್ತಿದ್ದರು. ಬುರುಲ್ಚಾ ತಿರುಗಿ ಕೂಡ ನೋಡಲಿಲ್ಲ. ಅಗಾತಾಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ತಟ್ಟೆ ಅಲ್ಲೇ ಕುಕ್ಕಿ ಮನೆಗೆ ಬಂದವಳು ಗಂಡನ ಮುಂದೆ ಎಲ್ಲವನ್ನೂ ಕಾರಿಬಿಟ್ಟಳು.

"ಹತ್ತು ವರ್ಷ ಒಟ್ಟಿಗೆ ಪ್ರಾರ್ಥನೆ ಮಾಡಿದ್ದೀವಿ ರೀ! ನಾನು ಹೋದ್ರೆ ಬೆನ್ನು ತಿರುಗಿಸಿ ಕೂರ್ತಾಳೆ!"

ಗಂಡ ಯಾಕೊಬ್ ಚರ್ಚಿನ ಸಭೆಯ ಹಿರಿಯ. ಕೆಟ್ಟವನಲ್ಲ, ಆದರೆ ಅಪ್ಪ, ತಾತ ನಡೆದ ದಾರಿ ಬಿಟ್ಟು ಬೇರೆ ದಾರಿ ಕಂಡವನಲ್ಲ. "ಸತ್ತೋರು ದೇವರ ಕೈಲಿದ್ದಾರೆ ಅಂತ ನಂಬಿದೋರು ಹೀಗೆ ಬೋರಾಡ್ತಾರಾ? ಇದು ನಮ್ಮ ಸಭೇಲಿ ನಡೆಯಲ್ಲ" ಎಂದವನು ಸಂಜೆ ತಾನೇ ಹೋಗಿ ಹೇಳಿಬಂದ: ಈ ಅಳು ನಿಲ್ಲಿಸದಿದ್ದರೆ ಭಾನುವಾರ ಆರಾಧನೆಯಲ್ಲಿ ಸಭೆಯವರಿಗೆಲ್ಲ ಹಂಚುವ ಪ್ರಭುವಿನ ರೊಟ್ಟಿ ಬುರುಲ್ಚಾಳಿಗಿಲ್ಲ.

ಆಗಿನಿಂದ ಅಗಾತಾಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಚಾಡಿ ಹೇಳಿದವಳು ತಾನೇ ಅಲ್ಲವೇ?

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ತೊಕ್ತೊಸುನನ ಅಕ್ಕ ಜೂರಾ ಬಂದಿದ್ದಳು, ಕೈಯಲ್ಲಿ ಅದೇ ತಟ್ಟೆ. ಬರಿದಾಗಿ ಮರಳಿಸಬಾರದೆಂದು ಕರಿದ ಹಿಟ್ಟಿನ ತುಂಡುಗಳನ್ನು ತುಂಬಿ ತಂದಿದ್ದಳು.

"ಬನ್ನು ಚೆನ್ನಾಗಿತ್ತು ಅಮ್ಮ. ನೀವು ಮಾತ್ರ ನಿಲ್ಲದೆ ಓಡಿಬಿಟ್ರಿ."

"ಓಡದೆ? ಅವಳ ಬೆನ್ನು ನೋಡ್ಕೊಂಡು ಕೂತಿರಬೇಕಿತ್ತಾ?"

ಜೂರಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನಿಮ್ಮ! ನಲವತ್ತು ವರ್ಷದಿಂದ ಎದುರು ಮನೇಲಿದ್ದೀರಿ, ಇಷ್ಟೂ ಗೊತ್ತಿಲ್ವಾ? ದುಃಖದ ಮುಖಾನ ಬಂದೋರಿಗೆ ತೋರಿಸಬಾರದು. ಹೊರಗಿನೋರು ಬೆನ್ನು ನೋಡಿ ಹೋಗ್ತಾರೆ. ಮನೆಯೋರಾದ್ರೆ ಪಕ್ಕದಲ್ಲಿ ಕೂತು ತಾವೂ ಗೋಡೆ ನೋಡ್ತಾರೆ. ಅವಳ ಪಕ್ಕ ಒಂದು ಕೌದಿ ಖಾಲಿ ಇತ್ತಲ್ಲ, ಕಾಣಲಿಲ್ವಾ? ಯಾರನ್ನೂ ಕೂರೋಕೆ ಬಿಡಲಿಲ್ಲ. 'ಅಗಾತಾ ಅಕ್ಕ ಬರ್ತಾರೆ' ಅಂತಿದ್ಲು."

ಅಗಾತಾ ಒರೆಸುವ ಬಟ್ಟೆಯನ್ನು ಕೆಳಗಿಟ್ಟಳು.

"ಈಗ ಅಳೋದೇ ಇಲ್ಲ ಅವಳು," ಅಂದಳು ಜೂರಾ. "ರೊಟ್ಟಿ ಕೊಡಲ್ಲ ಅಂದ್ರಂತಲ್ಲ. ಹಲ್ಲು ಕಚ್ಚಿ ಕೂತಿದ್ದಾಳೆ. ಚರ್ಚು ಸೇರಿ ದೇವರು ಬದಲಾದ, ಗಂಡನೂ ಮರೆತುಹೋದ್ನಾ ಅಂತ ನಮ್ಮ ಹೆಂಗಸರು ಚುಚ್ತಿದ್ದಾರೆ. ಮಧ್ಯಾಹ್ನ ಹೆಣ ಎತ್ತುತ್ತಾರೆ ಅಮ್ಮ. ನನ್ನ ತಮ್ಮ ಹೆಂಡತಿಯ ಅಳು ಕೇಳದೆ ಹೋಗ್ತಾನಲ್ಲ!"

ಅಗಾತಾ ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡಳು. ಒಳಗಿನಿಂದ ಯಾಕೊಬ್ ಕೇಳಿದ, "ಎಲ್ಲಿಗೆ?"

"ಬೆನ್ನು ತೋರಿಸಿದ್ದು ಅವಳಲ್ಲ, ನಾವು. ನನ್ನ ತಪ್ಪು, ನಾನೇ ಸರಿಮಾಡ್ತೀನಿ."

"ಮತ್ತೆ ಸಭೆಯ ಕಟ್ಟಳೆ?"

"ಸಭೆಗೆ ರೊಟ್ಟಿ ಸುಡೋಳು ನಾನು. ಅವಳಿಗಿಲ್ಲದ ರೊಟ್ಟಿ ನನ್ನ ಒಲೆಯಿಂದ ಬರಲ್ಲ, ತಿಳ್ಕೊಳ್ಳಿ."

ಡೇರೆಯಲ್ಲಿ ಆ ಕೌದಿ ಇನ್ನೂ ಖಾಲಿಯಿತ್ತು. ಅಗಾತಾ ಹೋಗಿ ಕೂತು, ಗೋಡೆಗೆ ಮುಖಮಾಡಿದಳು. ಕಿರ್ಗಿಜ್ ಭಾಷೆ ಅವಳಿಗೆ ಕೇಳಿದರೆ ತಿಳಿಯುತ್ತಿತ್ತು, ಆಡಲು ಬರುತ್ತಿದ್ದದ್ದು ಸಂತೆಯದು. ಕುರಿಮಾಂಸ ಚೌಕಾಸಿ ಮಾಡಲು ಸಾಕು, ಸಮಾಧಾನ ಹೇಳಲು ಸಾಲದು. ಪಕ್ಕದಲ್ಲಿ ಬುರುಲ್ಚಾ ಕಲ್ಲಾಗಿ, ತನ್ನ ಬೆರಳುಗಳನ್ನು ತಾನೇ ಹಿಂಡಿ ಹಿಡಿದು ಕೂತಿದ್ದಳು.

ಆ ಬೆರಳುಗಳನ್ನು ಕಂಡು ಅಗಾತಾಳಿಗೆ ತನ್ನ ಕೈ ನೆನಪಾಯಿತು. ನಲವತ್ತೊಂದು ವರ್ಷದ ಹಿಂದೆ, ನಾಲ್ಕು ವರ್ಷದ ಮಗಳು ಲೇನಾಳ ಶವಪೆಟ್ಟಿಗೆಯ ಮುಂದೆ, ಅತ್ತೆ ಈ ಕೈಯನ್ನೇ ಹಿಂಡಿ ಹಿಡಿದು, "ಅಳಬೇಡ, ಜನ ನೋಡ್ತಾರೆ" ಅಂದಿದ್ದಳು. ಅಗಾತಾ ಅಳಲಿಲ್ಲ. ಅಂದು ಅಳಲಿಲ್ಲ, ಆಮೇಲೂ ಅಳಲಿಲ್ಲ. ಆ ಹೆಸರು ಮನೆಯಲ್ಲಿ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಇಲ್ಲಿ ನೋಡುವವರು ಯಾರೂ ಇರಲಿಲ್ಲ. ಎದುರಿಗೆ ಬರೀ ಗೋಡೆ.

"ಲೇನಾ!" ಎಂದು ಕೂಗಿದಳು ಅಗಾತಾ. ಕರುಳಿನಿಂದ ಬಂದ ಕೂಗು. "ನನ್ನ ಲೇನಾ! ನನ್ನ ಕಂದಾ!" ಅವಳ ತಾಯಿನುಡಿ ಅಲ್ಲಿ ಯಾರಿಗೂ ಬಾರದು. ಆದರೆ ಒಬ್ಬ ಹೆಂಗಸಿಗೂ ಅರ್ಥ ಕೇಳಬೇಕೆನಿಸಲಿಲ್ಲ. ಬುರುಲ್ಚಾ ತಡಕಾಡಿ ಅವಳ ಕೈ ಹಿಡಿದಳು. ಮರುಗಳಿಗೆ ಕಟ್ಟೆಯೊಡೆದು ಅವಳ ಹಾಡೂ ಬಂತು:

"ಗಾಡಿ ಕಟ್ಟಿ ನನ್ನ ಕರೆತಂದೆಯಲ್ಲೋ, ಬಾಗಿಲಾಚೆ ನಿಂತು ಕಾದೆಯಲ್ಲೋ, ಇಂದೇಕೆ ಕಾಯದೆ ಹೊರಟೆಯಲ್ಲೋ..."

ಹೆಂಡತಿಯನ್ನು ವಾಪಸು ಕರೆದೊಯ್ಯಲು ಬಂದಿದ್ದ ಯಾಕೊಬ್ ಡೇರೆಯ ಹೊರಗೇ ನಿಂತುಬಿಟ್ಟ. ಮಗಳ ಹೆಸರು ಅವನ ಕಿವಿಗೂ ಬಿದ್ದಿತ್ತು. ಅಲ್ಲಿನ ಪದ್ಧತಿಯಂತೆ ಕೋಲಿಗೆ ಒರಗಿ ಸಾಲಾಗಿ ನಿಂತು ಅಳುತ್ತಿದ್ದ ಗಂಡಸರಲ್ಲಿ ಒಬ್ಬ ಮುದುಕ ತನ್ನ ಕೋಲನ್ನೇ ಅವನತ್ತ ಚಾಚಿದ.

"ಹಿಡ್ಕೋ ಯಾಕೊಬ್. ಇಂಥ ದುಃಖದಲ್ಲಿ ಕಾಲೊಂದನ್ನೇ ನಂಬಿ ನಿಲ್ಲೋಕಾಗಲ್ಲ."

ಯಾಕೊಬ್ ಎರಡೂ ಕೈಯಲ್ಲಿ ಕೋಲು ಹಿಡಿದು ಸಾಲಿನ ಕೊನೆಯಲ್ಲಿ ನಿಂತ.

ಭಾನುವಾರ ಅಗಾತಾ ಮುಂದಿನ ಬೆಂಚಿಗೆ ಹೋಗಲಿಲ್ಲ. ಹಿಂದೆ ಬುರುಲ್ಚಾಳ ಪಕ್ಕ ಕೂತಿದ್ದಳು. ಯಾಕೊಬ್ ರೊಟ್ಟಿ ಮುರಿದ. ಆಮೇಲೆ ಮುಂದಿನ ಬೆಂಚನ್ನು ದಾಟಿಕೊಂಡು ಕೊನೆಯ ಬೆಂಚಿನವರೆಗೂ ನಡೆದು ಬಂದ.

"ತಗೋ ಮಗಳೇ," ಅಂದ, ತನ್ನ ಹರಕುಮುರುಕು ಕಿರ್ಗಿಜಿನಲ್ಲಿ. ಮೊದಲ ತುಂಡು ಬುರುಲ್ಚಾಳದಾಯಿತು.